ನಮ್ರತೆ ಮತ್ತು ಸೇವೆ: ನಮ್ಮ ಸಭೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಒಂದು ಕ್ರೈಸ್ತ ಸಭೆಯಲ್ಲಿ ಹಲವು ವರ್ಷಗಳಿಂದ ಸತ್ಯವೇದ (ಬೈಬಲ್) ಪಾಠ ನಡೆಸುತ್ತ ಬಂದಿರುವ ನನಗೆ, ಆರಾಧನೆ ಮುಗಿದು ಜಮಖಾನೆ ಸುತ್ತುವ ಹೊತ್ತಿನಲ್ಲಿ, ಮನೆಕೂಟಗಳಲ್ಲಿ, ಒಮ್ಮೊಮ್ಮೆ ಬಸ್‌ ನಿಲ್ದಾಣದಲ್ಲಿಯೂ ಜನರು ಕೇಳಿದ ಪ್ರಶ್ನೆಗಳಿವು. ಪ್ರಾಟೆಸ್ಟಂಟರು, ಕೆಥೊಲಿಕರು, ನೆರೆಮನೆಯ ಲಿಂಗಾಯತ ಗೆಳೆಯರು, ಎಲ್ಲರೂ ಕೇಳಿದ್ದಾರೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವಕ್ಕೆ ನಾಲ್ಕು ಮಾತು ಸಾಕಾಗಿದೆ.

ಕ್ರೈಸ್ತರು ಹೇಳುವ ನಮ್ರತೆ ಎಂದರೆ ‘ನಾನು ಯಾವುದಕ್ಕೂ ಯೋಗ್ಯನಲ್ಲ’ ಎಂದುಕೊಳ್ಳುವುದೇ?

ಅಲ್ಲ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಈ ಗುಣವನ್ನು ಹೇಳುವ ಪದವು ‘ತಪೈನೊಸ್’ ಎಂಬುದರಿಂದ ಬಂದಿದೆ. ತಗ್ಗಿನಲ್ಲಿರುವುದು, ಕೆಳಮಟ್ಟದ್ದು ಎಂದು ಅದರ ಅರ್ಥ. ಅಂದಿನ ಗ್ರೀಕ್ ಮತ್ತು ರೋಮನ್ ಸಮಾಜದಲ್ಲಿ ಇದು ಹೊಗಳಿಕೆಯ ಮಾತಾಗಿರಲಿಲ್ಲ. ಮಾನವಂತನಾದ ಪೌರನನ್ನು ಹಾಗೆ ಕರೆದರೆ ಅವನಿಗೆ ಅವಮಾನವಾಗುತ್ತಿತ್ತು. ಅದೇ ಮಾತನ್ನು ಆದಿಸಭೆಯ ಬೋಧಕನಾದ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಸದ್ಗುಣವೆಂದು ಎತ್ತಿ ಹಿಡಿಯುತ್ತಾನೆ, ಮತ್ತು ಅದಕ್ಕೆ ಕ್ರಿಸ್ತನನ್ನೇ ಮಾದರಿಯಾಗಿ ಇಡುತ್ತಾನೆ: ದೇವಸ್ವರೂಪನಾಗಿದ್ದವನು ಆ ಸ್ಥಾನಕ್ಕೆ ಅಂಟಿಕೊಳ್ಳದೆ ತನ್ನನ್ನು ಬರಿದುಮಾಡಿಕೊಂಡು ದಾಸನ ರೂಪವನ್ನು ಧರಿಸಿದನು. ಕ್ರಿಸ್ತನು ಕೆಳಗೆ ಇಳಿದದ್ದು ತನಗೆ ಬೆಲೆಯಿಲ್ಲವೆಂದು ಭಾವಿಸಿ ಅಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ತನಗಿರುವ ಬೆಲೆ ಗೊತ್ತಿದ್ದೂ ಅದನ್ನು ಬೇರೆಯವರ ಪ್ರಯೋಜನಕ್ಕೆ ಇಳಿಸಿದ್ದೇ ಇಲ್ಲಿಯ ನಮ್ರತೆ. ಮೋಶೆಯನ್ನು ಅರಣ್ಯಕಾಂಡದ 12ನೇ ಅಧ್ಯಾಯವು ಭೂಮಿಯ ಮೇಲಿದ್ದ ಎಲ್ಲರಿಗಿಂತ ಸಾತ್ವಿಕನೆಂದು ಕರೆಯುತ್ತದೆ. ಫರೋಹನ ಎದುರಿಗೆ ನಿಂತು ‘ಜನರನ್ನು ಬಿಡು’ ಎಂದವನೂ ಅವನೇ.

ಹಾಡಲು ಚೆನ್ನಾಗಿ ಬರುವವರೊಬ್ಬರು ‘ನನಗೇನು ಬರುತ್ತದೆ ಬಿಡಿ’ ಎಂದು ಮೂರು ಸಲ ಕರೆಸಿಕೊಂಡು ನಾಲ್ಕನೆಯ ಸಲಕ್ಕೆ ಮೈಕ್ ಹಿಡಿಯುವುದನ್ನು ನಾವೆಲ್ಲ ನೋಡಿದ್ದೇವೆ. ಅದರಲ್ಲಿ ದೋಷವೇನಿಲ್ಲ, ಆದರೆ ಅದು ನಮ್ಮ ಕಡೆಯ ಮರ್ಯಾದೆಯೇ ಹೊರತು ಪೌಲನು ಹೇಳಿದ ನಮ್ರತೆಯಲ್ಲ. ಮೊದಲ ಕರೆಗೆ ಎದ್ದು ಹಾಡಿ, ಮುಗಿದ ಮೇಲೆ ಬಂದು ತನ್ನ ಜಾಗದಲ್ಲಿ ಕುಳಿತುಕೊಳ್ಳುವವರು ನನಗೆ ಹೆಚ್ಚು ನಮ್ರರಾಗಿ ಕಾಣುತ್ತಾರೆ.

ಯೇಸು ಶಿಷ್ಯರ ಪಾದ ತೊಳೆದದ್ದಕ್ಕೆ ಇಷ್ಟು ಮಹತ್ವವೇಕೆ?

ನಮ್ಮ ಭಾಗದವರಿಗೆ ಇದನ್ನು ವಿವರಿಸುವುದು ಸುಲಭವೂ ಹೌದು, ಕಷ್ಟವೂ ಹೌದು. ಸುಲಭವೇಕೆಂದರೆ ಹಳ್ಳಿಯ ಮನೆಗೆ ಹೋದರೆ ಇಂದಿಗೂ ಮೊದಲು ಬರುವುದು ಕಾಲಿಗೆ ನೀರು. ಅಂಗಳದಲ್ಲಿ ತಂಬಿಗೆ ತುಂಬಿ ಇಟ್ಟಿರುತ್ತಾರೆ. ಬಂದವರು ಕಾಲು ತೊಳೆದುಕೊಂಡು ಒಳಗೆ ಬರುತ್ತಾರೆ. ಪ್ಯಾಲೆಸ್ತೀನಿನ ಧೂಳಿನ ದಾರಿಗಳಲ್ಲಿಯೂ ಇದೇ ಪದ್ಧತಿಯಿತ್ತು. ಆದರೆ ನೀರು ಕೊಡುವುದು ಬೇರೆ, ಕೈಯಿಂದ ತೊಳೆಯುವುದು ಬೇರೆ. ನಾವು ಕೈಯಿಂದ ಪಾದ ತೊಳೆಯುವುದು ಮದುಮಗನದು, ಇಲ್ಲವೇ ಗುರುವಿನದು. ಅಂದರೆ ಕೆಳಗಿರುವವರು ಮೇಲಿರುವವರ ಪಾದವನ್ನು ಮುಟ್ಟುತ್ತಾರೆ, ಎಂದೂ ತಿರುಗುಮುರುಗಾಗುವುದಿಲ್ಲ. ಕಷ್ಟವಿರುವುದು ಇಲ್ಲಿಯೇ. ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಗುರುವೇ ಊಟದಿಂದ ಎದ್ದು, ಮೇಲಂಗಿಯನ್ನು ತೆಗೆದಿಟ್ಟು, ಸೊಂಟಕ್ಕೆ ಕೈಪಾವಡ ಸುತ್ತಿಕೊಂಡು, ಬೋಗುಣಿಗೆ ನೀರು ಹಾಕಿ, ಶಿಷ್ಯರ ಪಾದಗಳನ್ನು ತೊಳೆದು ಒರೆಸುತ್ತಾನೆ. ಹೀಬ್ರೂ ದಾಸನಿಂದ ಯಜಮಾನನು ತನ್ನ ಪಾದ ತೊಳೆಸಿಕೊಳ್ಳಬಾರದೆಂದು ಯೆಹೂದ್ಯರ ಒಂದು ಹಳೆಯ ವ್ಯಾಖ್ಯಾನ ಹೇಳುತ್ತದೆ. ಆ ಕೆಲಸ ಅಷ್ಟು ಕೀಳೆಂದು ಎಣಿಕೆಯಾಗಿತ್ತು.

ಇನ್ನೆರಡು ಸಂಗತಿಗಳನ್ನು ಓದುಗರು ಸಾಮಾನ್ಯವಾಗಿ ದಾಟಿ ಹೋಗುತ್ತಾರೆ. ಅದೇ ರಾತ್ರಿಯ ಊಟದಲ್ಲಿ ತಮ್ಮಲ್ಲಿ ಯಾರು ದೊಡ್ಡವರೆಂದು ಶಿಷ್ಯರು ವಾದ ಮಾಡಿದರೆಂದು ಲೂಕನ 22ನೇ ಅಧ್ಯಾಯ ಹೇಳುತ್ತದೆ; ಆ ವಾದದಲ್ಲಿ ತೊಡಗಿದ್ದವರ ಕಾಲುಗಳೇ ಇವು. ಇನ್ನೊಂದು, ತೊಳೆಯುವಾಗ ಯೂದನೂ ಅಲ್ಲಿದ್ದನು. ಅವನು ಎದ್ದು ಕತ್ತಲೆಗೆ ಹೋದದ್ದು ಆಮೇಲೆ. ಹಿಡಿದುಕೊಡಲಿರುವವನ ಹಿಮ್ಮಡಿಯನ್ನೂ ಯೇಸು ಒರೆಸಿದನು. ‘ಅವರು ಸರಿಯಿಲ್ಲ, ಅವರಿಗೇಕೆ ಸಹಾಯ ಮಾಡಬೇಕು’ ಎಂಬ ಪ್ರಶ್ನೆ ನಮ್ಮ ಸಭಾಹಿರಿಯರ ಕೂಟದಲ್ಲಿ ಬಂದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಪೇತ್ರನು ‘ನನ್ನ ಪಾದ ತೊಳೆಯಕೂಡದು’ ಎಂದನಲ್ಲ, ಅದು ನಮ್ರತೆಯಲ್ಲವೇ?

ನಮ್ರತೆಯಂತೆ ಕಾಣುತ್ತದೆ, ಆದರೆ ಯೇಸು ಅದನ್ನು ಒಪ್ಪಲಿಲ್ಲ. ತೊಳೆಯದೆ ಹೋದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಎಂದನು. ಸೇವೆ ಮಾಡುವುದಕ್ಕಿಂತ ಮಾಡಿಸಿಕೊಳ್ಳುವುದು ಹೆಚ್ಚು ಕಷ್ಟದ ಅಭ್ಯಾಸವೆಂದು ನನಗೆ ಮನವರಿಕೆಯಾದದ್ದು ಓದಿನಿಂದಲ್ಲ. ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಬಚ್ಚಲಿನ ಕಲ್ಲಿನ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡೆ. ನಮ್ಮ ಸಭೆಯ ವಿಧವೆಯೊಬ್ಬರು, ಅವರ ಮಗನ ಶಾಲೆಯ ಫೀಯನ್ನು ನಾವು ಒಂದೆರಡು ವರ್ಷ ತುಂಬಿದ್ದೆವು, ಬುಟ್ಟಿಯಲ್ಲಿ ಜೋಳದ ರೊಟ್ಟಿ ಮತ್ತು ಪುಂಡಿಪಲ್ಯ ತಂದರು. ಹೋಗಲಿ ಎಂದು ತೆಗೆದುಕೊಂಡೆ. ಎಡಗೈಯಲ್ಲಿ ರೊಟ್ಟಿ ಮುರಿಯಲು ನಾನು ಪರದಾಡುತ್ತಿದ್ದುದನ್ನು ನೋಡಿ ಅವರೇ ಹತ್ತಿರ ಕುಳಿತು ಚೂರು ಮಾಡಿ ತಟ್ಟೆಗೆ ಹಾಕತೊಡಗಿದಾಗ ಮಾತ್ರ ನನ್ನ ಮುಖ ಬಿಸಿಯಾಯಿತು. ‘ಬೇಡ, ನಿಮಗೇಕೆ ತೊಂದರೆ’ ಎಂದೆ. ‘ನೀವು ನಮಗ ಮಾಡಿದಾಗ ನಾ ಬ್ಯಾಡ ಅಂದಿದ್ನೇನ್ರಿ’ ಎಂದು ಅವರು ಕೆಲಸ ಮುಂದುವರಿಸಿದರು. ಅಲ್ಲಿಯವರೆಗೂ ನಮ್ಮಿಬ್ಬರ ನಡುವೆ ನಾನು ಕೊಡುವವನಾಗಿಯೇ ಇರಬೇಕೆಂದು ಮನಸ್ಸಿನ ಒಳಗೆ ಪಟ್ಟು ಹಿಡಿದಿದ್ದೆ ಎಂಬುದು ಆಗ ತಿಳಿಯಿತು.

ನಮ್ರರಾಗಿರಬೇಕೆಂದರೆ ಅನ್ಯಾಯವನ್ನೂ ಹೊಡೆತವನ್ನೂ ಸುಮ್ಮನೆ ಸಹಿಸಬೇಕೇ?

ಬೇಡ. ಮಹಾಯಾಜಕನ ಮುಂದೆ ಕಾವಲುಗಾರನೊಬ್ಬನು ಕೆನ್ನೆಗೆ ಹೊಡೆದಾಗ ಯೇಸು ‘ನಾನು ಸರಿಯಾಗಿ ಮಾತಾಡಿದ್ದರೆ ನನ್ನನ್ನೇಕೆ ಹೊಡೆಯುತ್ತೀ’ ಎಂದು ಕೇಳಿದನೆಂದು ಯೋಹಾನನ 18ನೇ ಅಧ್ಯಾಯದಲ್ಲಿದೆ. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು ಮರುದಿನ ಗುಟ್ಟಾಗಿ ಬಿಟ್ಟುಬಿಡಲು ನೋಡಿದಾಗ, ಪೌಲನು ತಾನು ರೋಮನ್ ಪೌರನೆಂದು ಹೇಳಿ, ಅವರೇ ಬಂದು ಕರೆದುಕೊಂಡು ಹೋಗಲಿ ಎಂದು ಕೂತನು. ಗಂಡನಿಂದ ಪೆಟ್ಟು ತಿನ್ನುತ್ತಿರುವ ಹೆಣ್ಣುಮಗಳಿಗೆ ‘ತಗ್ಗಿ ಬಗ್ಗಿ ನಡೆ, ಪ್ರಾರ್ಥನೆ ಮಾಡು’ ಎಂದು ಬುದ್ಧಿ ಹೇಳಿ ಮನೆಗೆ ಕಳುಹಿಸುವ ಸಭಾಹಿರಿಯರು ಸತ್ಯವೇದವನ್ನು ಹೇಳುತ್ತಿಲ್ಲ, ತಮ್ಮ ಪೇಚನ್ನು ತಪ್ಪಿಸಿಕೊಳ್ಳುತ್ತಿದ್ದಾರೆ. ಆಕೆಯನ್ನು ಸುರಕ್ಷಿತ ಸ್ಥಳಕ್ಕೆ ಮುಟ್ಟಿಸುವುದು, ಬೇಕಾದರೆ ಪೊಲೀಸ್ ಠಾಣೆಯವರೆಗೆ ಜೊತೆಗೆ ಹೋಗುವುದು ಆ ಹೊತ್ತಿನ ಸೇವೆ.

ಇದರ ಜೊತೆಗೇ ಒಂದು ಮಾತು. ಸಭೆಯ ಊಟವಿದ್ದ ದಿನ ರೊಟ್ಟಿ ಬಡಿಯುವವರು, ಪಾತ್ರೆ ತಿಕ್ಕುವವರು ಯಾರು, ಸೇವೆಯ ಮೇಲೆ ಪ್ರಸಂಗ ಮಾಡುವವರು ಯಾರು ಎಂಬುದನ್ನು ಒಮ್ಮೆ ಎಣಿಸಿ ನೋಡಬೇಕು. ಉತ್ತರ ಎಲ್ಲ ಸಭೆಗಳಲ್ಲಿ ಹೆಚ್ಚು ಕಡಿಮೆ ಒಂದೇ. ನಮ್ರತೆಯನ್ನು ಹೆಂಗಸರಿಗೆ ಪಾಲು ಹಾಕಿ, ಅದರ ಬೋಧನೆಯನ್ನು ಗಂಡಸರು ಇಟ್ಟುಕೊಂಡಿದ್ದೇವೆ.

ಸಭೆಯಲ್ಲಿ ಕನ್ನಡದವರು, ಮರಾಠಿಯವರು, ಕೊಂಕಣಿಯವರು ಇದ್ದಾರೆ. ಸದಾ ಯಾರಿಗಾದರೂ ‘ನಮ್ಮನ್ನು ಕೇಳುವವರಿಲ್ಲ’ ಎಂಬ ಅಸಮಾಧಾನ. ಇಲ್ಲಿ ನಮ್ರತೆ ಎಂದರೇನು?

ಬೆಳಗಾವಿಯವರಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಇಲ್ಲ, ಮತ್ತು ಆದಿಸಭೆ ಎದುರಿಸಿದ ಮೊದಲ ಒಳಜಗಳವೂ ಇಂಥದ್ದೇ. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ಯೆರೂಸಲೇಮಿನ ಸಭೆಯಲ್ಲಿ ದಿನವೂ ವಿಧವೆಯರಿಗೆ ಆಹಾರ ಹಂಚುತ್ತಿದ್ದರು. ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲವೆಂದು ಆ ಭಾಷೆಯವರು ಹೀಬ್ರೂ ಮಾತಿನವರ ಮೇಲೆ ಗುಣುಗುಟ್ಟಿದರು. ಸಭೆಯನ್ನು ನಡೆಸುತ್ತಿದ್ದ ಅಪೊಸ್ತಲರು, ಅಂದರೆ ಯೇಸುವಿನ ಹನ್ನೆರಡು ಶಿಷ್ಯರು, ‘ನಮ್ಮ ಸಭೆಯಲ್ಲಿ ಭೇದವಿಲ್ಲ’ ಎಂದು ಹೇಳಿಕೆ ಕೊಡಲಿಲ್ಲ. ದೂರು ಕೊಟ್ಟವರನ್ನು ಆತ್ಮಿಕತೆ ಕಡಿಮೆಯಾದವರೆಂದು ಗದರಲೂ ಇಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳಿರಿ ಎಂದರು. ಆರಿಸಿದ ಹೆಸರುಗಳು ಅಲ್ಲಿಯೇ ಇವೆ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಬಲವಿದ್ದ ಪಂಗಡವು ಸೌಟನ್ನು ದೂರು ಕೊಟ್ಟವರ ಕೈಗೇ ಕೊಟ್ಟಿತು ಎಂದು ಇದನ್ನು ಓದದೆ ಬೇರೆ ಹೇಗೆ ಓದಬಹುದೋ ನನಗೆ ತಿಳಿಯದು. ನಾಲ್ಕು ಮತ್ತು ಮೂರು ಎಂದು ಪಾಲು ಮಾಡಿಕೊಂಡಿದ್ದರೆ ಅದು ರಾಜಿಯಾಗುತ್ತಿತ್ತು.

ಅದೇ ಭಾಗದಲ್ಲಿ ಪಂಕ್ತಿಯಲ್ಲಿ ಬಡಿಸುವುದಕ್ಕೂ ವಾಕ್ಯವನ್ನು ಸಾರುವುದಕ್ಕೂ ಗ್ರೀಕಿನಲ್ಲಿ ಒಂದೇ ಪದವಿದೆ, ‘ದಿಯಾಕೊನಿಯ’. ಎರಡೂ ಸೇವೆಯೇ. ನಮ್ಮಲ್ಲಿ ಮಾತ್ರ ಒಂದಕ್ಕೆ ವೇದಿಕೆ, ಇನ್ನೊಂದಕ್ಕೆ ಹಿತ್ತಲು. ‘ದೇವರ ಸೇವಕರು’ ಎಂಬ ಮಾತನ್ನು ಫ್ಲೆಕ್ಸ್ ಬ್ಯಾನರಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಅಚ್ಚುಹಾಕಿಸುವ ಕಾಲವಿದು. ಸೇವಕನೆಂಬ ಪದಕ್ಕೆ ಇಷ್ಟು ಬೇಗ ಹಾರ ಬಿದ್ದೀತೆಂದು ಅಪೊಸ್ತಲರು ಊಹಿಸಿರಲಾರರು.

ಆದ್ದರಿಂದ ನನ್ನ ಸಲಹೆ ಇಷ್ಟೇ: ಭಾಷೆಯ ವಿಷಯದಲ್ಲಿ ನಿಮ್ಮದು ದೊಡ್ಡ ಪಂಗಡವಾಗಿದ್ದರೆ ಬೆಳಗಿನ ಒಳ್ಳೆಯ ಸಮಯವನ್ನು, ಸಭಾಭವನದ ಬೀಗದ ಕೈಯನ್ನು, ಕ್ರಿಸ್ಮಸ್ ಕಾರ್ಯಕ್ರಮದ ಮೊದಲ ಹಾಡನ್ನು ಚಿಕ್ಕ ಪಂಗಡಕ್ಕೆ ನೀವಾಗಿಯೇ ಬಿಟ್ಟುಕೊಡಿ. ಕೇಳುವವರೆಗೆ ಕಾಯಬೇಡಿ.

ಕ್ರೈಸ್ತರಲ್ಲಿಯೂ ಜಾತಿ ಇದೆಯಲ್ಲ?

ಇದೆ. ಮದುವೆ ಸಂಬಂಧ ನೋಡುವಾಗ ‘ಮೂಲ ಯಾವುದು’ ಎಂದು ಮೆಲುದನಿಯಲ್ಲಿ ವಿಚಾರಿಸುವವರು ಕರ್ತನ ಭೋಜನದಲ್ಲಿ (ಯೇಸುವಿನ ಕಡೆಯ ಊಟವನ್ನು ನೆನೆಯುವ ವಿಧಿ) ಒಂದೇ ರೊಟ್ಟಿಯಲ್ಲಿ ಪಾಲು ತೆಗೆದುಕೊಂಡವರೇ ಆಗಿರುತ್ತಾರೆ. ಚಿನ್ನದ ಉಂಗುರದವನಿಗೆ ಮುಂದಿನ ಆಸನ ಕೊಟ್ಟು ಬಡವನಿಗೆ ‘ನೀನು ಅಲ್ಲಿ ನಿಂತುಕೋ’ ಎನ್ನುವುದನ್ನು ಯಾಕೋಬನ ಪತ್ರದ 2ನೇ ಅಧ್ಯಾಯ ಪಾಪವೆಂದೇ ಕರೆಯುತ್ತದೆ. ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು, ಇಲ್ಲದವರು ಹಸಿದು ಕೂತಿದ್ದಾಗ ಪೌಲನು ನೀವು ಮಾಡುತ್ತಿರುವುದು ಕರ್ತನ ಭೋಜನವೇ ಅಲ್ಲವೆಂದು ಬರೆದನು. ಯಾರ ಮನೆಯಲ್ಲಿ ನೀವು ಇದುವರೆಗೆ ಊಟ ಮಾಡಿಲ್ಲವೋ ಅವರು ಕರೆದಾಗ ಹೋಗಿ ಉಣ್ಣುವುದು, ಅವರಿಗೆ ಅಕ್ಕಿ ಚೀಲ ಕಳುಹಿಸುವುದಕ್ಕಿಂತ ದೊಡ್ಡ ಸೇವೆ.

ಸಹಾಯ ಹಂಚುವಾಗ ಫೋಟೋ ತೆಗೆಯುವುದು ತಪ್ಪೇ? ದಾನಿಗಳಿಗೆ ಲೆಕ್ಕ ತೋರಿಸಬೇಕಲ್ಲ?

ಲೆಕ್ಕ ತೋರಿಸಲೇಬೇಕು, ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸದಂತೆ ಪೌಲನು ಎಚ್ಚರ ವಹಿಸಿದ್ದನ್ನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೇ ಅಧ್ಯಾಯದಲ್ಲಿ ನೋಡಬಹುದು. ಆದರೆ ಲೆಕ್ಕಕ್ಕೆ ರಸೀದಿ ಸಾಕು, ಸಹಿ ಸಾಕು, ಚೀಲಗಳ ರಾಶಿಯ ಚಿತ್ರ ಸಾಕು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಒಟ್ಟಿಗೆ ಉಕ್ಕಿ ಗೋಕಾಕ, ರಾಮದುರ್ಗ, ಮುಧೋಳದ ಕಡೆಯ ಮನೆಗಳಿಗೆ ನೀರು ನುಗ್ಗಿದಾಗ ನಾವೂ ಒಂದು ಗಾಡಿ ಸಾಮಾನು ತೆಗೆದುಕೊಂಡು ಹೋಗಿದ್ದೆವು. ಪರಿಹಾರ ಕೇಂದ್ರವಾಗಿದ್ದ ಶಾಲೆಯ ವರಾಂಡದಲ್ಲಿ, ಇನ್ನೊಂದು ತಂಡದವರು ಮುದುಕಿಯೊಬ್ಬಳ ಕೈಗೆ ಚಾದರ ಕೊಟ್ಟು, ಬೆಳಕು ಸಾಲದೆಂದು ಅದನ್ನು ಹಿಂದಕ್ಕೆ ಪಡೆದು, ಹೊರಗೆ ಕರೆದು ನಿಲ್ಲಿಸಿ, ಮತ್ತೆ ಕೊಟ್ಟರು. ಎರಡನೆಯ ಸಲ ಆಕೆ ಕೈ ಚಾಚುವಾಗ ನೆಲ ನೋಡುತ್ತಿದ್ದಳು. ಅವರನ್ನು ದೂರುವ ಮೊದಲು ನಮ್ಮ ಮೊಬೈಲುಗಳನ್ನು ನೋಡಿಕೊಂಡೆವು. ಅಂಥ ಎಂಟು ಚಿತ್ರಗಳು ನಮ್ಮಲ್ಲಿಯೂ ಇದ್ದವು. ಎಡಗೈಗೆ ತಿಳಿಯದಂತೆ ಬಲಗೈ ಕೊಡಬೇಕೆಂಬ ಮತ್ತಾಯನ 6ನೇ ಅಧ್ಯಾಯದ ಮಾತನ್ನು ಕೊಡುವವನ ಆತ್ಮದ ಹಿತಕ್ಕಾಗಿ ಹೇಳಿದ್ದೆಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಅದು ಪಡೆಯುವವರ ಮಾನಕ್ಕಾಗಿಯೂ ಇದೆ.

ನಮ್ಮ ನಾಡಿನ ಕಾಯಕ, ದಾಸೋಹಗಳಿಗೂ ಇದಕ್ಕೂ ಏನು ವ್ಯತ್ಯಾಸ?

ಬಸವನ ಬಾಗೇವಾಡಿ ಮತ್ತು ಕೂಡಲಸಂಗಮಗಳಿರುವ ನಾಡಿನಲ್ಲಿ ಈ ಪ್ರಶ್ನೆ ಬರದಿದ್ದರೇ ಆಶ್ಚರ್ಯ. 12ನೇ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದೂ, ಅದರ ಫಲವನ್ನು ಹಂಚಿಕೊಳ್ಳುವುದನ್ನು ದಾಸೋಹವೆಂದೂ ಕರೆದರು; ‘ನಾನು ದಾಸ’ ಎಂಬ ಭಾವವು ಆ ಪದದೊಳಗೇ ಇದೆ. ಕೊಡುವವನು ದಾಸನಾಗಿ ಕೊಡಬೇಕೆಂಬಲ್ಲಿ ಎರಡೂ ದಾರಿಗಳು ಬಹಳ ಹತ್ತಿರ ಬರುತ್ತವೆ, ಮತ್ತು ಕ್ರೈಸ್ತನೊಬ್ಬನು ಮಠದ ಪಂಕ್ತಿಯಲ್ಲಿ ಬಡಿಸುವವರ ನಡೆಯನ್ನು ನೋಡಿ ಕಲಿಯುವುದು ಬಹಳಷ್ಟಿದೆ. ಕ್ರೈಸ್ತ ನಂಬಿಕೆಯ ವಿಶೇಷವಿರುವುದು ಅದರ ಬೇರಿನಲ್ಲಿ: ಭಕ್ತನು ದಾಸನಾಗುವ ಮೊದಲೇ ಕರ್ತನು ದಾಸನಾದನೆಂದು ಸುವಾರ್ತೆ ಹೇಳುತ್ತದೆ. ಮನುಷ್ಯಕುಮಾರನು ಸೇವೆ ಮಾಡಿಸಿಕೊಳ್ಳುವುದಕ್ಕೆ ಬರಲಿಲ್ಲ, ಸೇವೆ ಮಾಡುವುದಕ್ಕೆ ಬಂದನು ಎಂದು ಮಾರ್ಕನ 10ನೇ ಅಧ್ಯಾಯದಲ್ಲಿದೆ. ನಮ್ಮ ಸೇವೆ ಅದಕ್ಕೆ ಕೊಡುವ ಉತ್ತರ, ಪುಣ್ಯದ ಗಳಿಕೆಯಲ್ಲ.

ಸೇವೆಯ ಹೆಸರಿನಲ್ಲಿ ಮತಾಂತರ ಮಾಡುತ್ತೀರಿ ಎನ್ನುತ್ತಾರೆ. ಏನು ಹೇಳಬೇಕು?

ಔಷಧಿಯನ್ನೋ ಶಾಲೆಯ ಫೀಯನ್ನೋ ಗಾಳದ ಹುಳುವಿನಂತೆ ಬಳಸಿದರೆ ಅದು ಸೇವೆಯಾಗುವುದಿಲ್ಲ, ವ್ಯಾಪಾರವಾಗುತ್ತದೆ. ಉಚಿತವಾಗಿ ಹೊಂದಿದ್ದೀರಿ, ಉಚಿತವಾಗಿ ಕೊಡಿರಿ ಎಂದು ಯೇಸು ಹೇಳಿದನು. ನಿಮ್ಮ ನಂಬಿಕೆ ಏನೆಂದು ಕೇಳಿದರೆ ಮುಚ್ಚಿಡಬೇಕಾಗಿಲ್ಲ. ಕೇಳದಿದ್ದರೆ ಗಂಜಿಯ ಬಟ್ಟಲಿನ ಜೊತೆಗೆ ಕರಪತ್ರ ಇಡಬೇಕಾಗಿಯೂ ಇಲ್ಲ.

ಆಸ್ಪತ್ರೆ, ಶಾಲೆಗಳನ್ನು ಮಿಷನ್‌ಗಳು ನಡೆಸುತ್ತಿವೆ. ವ್ಯಕ್ತಿಯಾಗಿ ನಾನು ಏನು ಮಾಡುವುದು ಉಳಿದಿದೆ?

ಲಂಡನ್ ಮಿಷನ್ ಬೆಳಗಾವಿಗೆ ಬಂದದ್ದು 1820ರಲ್ಲಿ. ಜೆಸ್ವಿಟರ ಸೇಂಟ್ ಪಾಲ್ಸ್ ಶಾಲೆ ಆರಂಭವಾದದ್ದು 1856ರಲ್ಲಿ. ಅಥಣಿ, ಚಿಕ್ಕೋಡಿ, ಜಮಖಂಡಿ ಕಡೆಯವರು ದೊಡ್ಡ ಕಾಯಿಲೆಗೆ ಮಿರಜ್‌ನ ಮಿಷನ್ ಆಸ್ಪತ್ರೆಗೆ ಹೋಗುವ ರೂಢಿ ಅಜ್ಜಂದಿರ ಕಾಲದ್ದು. ಇವುಗಳ ಬಗ್ಗೆ ಹೆಮ್ಮೆಪಡುವುದು ಸಹಜ. ಆದರೆ ಇನ್ನೊಬ್ಬರು ಮಾಡಿದ ಸೇವೆಯ ಬಡ್ಡಿಯನ್ನು ನಾವು ಮೂರು ತಲೆಮಾರು ಕೂತು ಉಣ್ಣುತ್ತಿದ್ದೇವೆ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಜಿಲ್ಲಾಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಬೆಳಿಗ್ಗೆ ಒಂದು ತಾಸು ನಿಂತು ನೋಡಿ. ಸವದತ್ತಿಯ ಕಡೆಯಿಂದಲೋ ಖಾನಾಪುರದ ಕಾಡಂಚಿನಿಂದಲೋ ಮೊದಲ ಬಸ್ಸಿಗೆ ಬಂದವರು ಚೀಟಿ ಎಲ್ಲಿ, ರಕ್ತಪರೀಕ್ಷೆ ಎಲ್ಲಿ, ಫಲಿತಾಂಶ ಯಾವಾಗ ಎಂದು ತಿಳಿಯದೆ ನಾಲ್ಕು ಕಿಟಕಿ ಸುತ್ತುತ್ತಾರೆ. ಅವರಿಗೆ ಹಣ ಬೇಕಾಗಿಲ್ಲ, ಓದು ಬರುವ ಒಬ್ಬ ಮನುಷ್ಯ ಬೇಕು. ಕಬ್ಬಿನ ಹಂಗಾಮಿನಲ್ಲಿ ದೂರದ ಊರುಗಳಿಂದ ಬಂದು ಗದ್ದೆಯ ಬದಿಯಲ್ಲಿ ಗುಡಿಸಲು ಹಾಕಿಕೊಳ್ಳುವ ಕಟಾವಿನ ಗ್ಯಾಂಗುಗಳಿಗೂ ಬೇಕಾದದ್ದೇನೆಂದು ಹೋಗಿ ಕೇಳಬೇಕೇ ಹೊರತು ಊಹಿಸಿ ಕಂಬಳಿ ಒಯ್ಯಬಾರದು. ನಾವು ಒಮ್ಮೆ ಹಾಗೆ ಒಯ್ದೆವು. ಅವರಿಗೆ ಬೇಕಾಗಿದ್ದದ್ದು ಮಗುವಿನ ಲಸಿಕೆಯ ದಿನ ಯಾವುದೆಂಬ ಮಾಹಿತಿ.

ಸೇವೆ ಮಾಡಿ ಮಾಡಿ ದಣಿದಿದ್ದೇನೆ, ಒಳಗೊಳಗೇ ಸಿಟ್ಟು ಬರುತ್ತಿದೆ.

ಸ್ವಲ್ಪ ದಿನ ಬಿಡಿ. ಊಟಕ್ಕೂ ಬಿಡುವಿಲ್ಲದ ಶಿಷ್ಯರನ್ನು ಯೇಸುವೇ ಏಕಾಂತಕ್ಕೆ ಕರೆದು ದಣಿವಾರಿಸಿಕೊಳ್ಳಲು ಹೇಳಿದನು. ತನ್ನ ಮನೆಗೆ ಬಂದ ಯೇಸುವಿಗೆ ಅಡುಗೆ ಮಾಡುತ್ತ, ತಂಗಿ ಸಹಾಯಕ್ಕೆ ಬರಲಿಲ್ಲವೆಂದು ದೂರಿದ ಮಾರ್ಥಳನ್ನು ಅವನು ಗದರಿಸಿದ್ದು ಅಡುಗೆ ಮಾಡಿದ್ದಕ್ಕಲ್ಲ, ಅಡುಗೆಮನೆಯಿಂದ ತಂಗಿಯ ಲೆಕ್ಕ ಇಟ್ಟದ್ದಕ್ಕೆ. ನಾನಿಲ್ಲದಿದ್ದರೆ ಸಭೆ ನಡೆಯುವುದಿಲ್ಲವೆಂಬ ಭಾವನೆ ಬಂದಿದ್ದರೆ ಅದು ದಣಿವಿನ ಲಕ್ಷಣವೂ ಹೌದು, ಅಹಂಕಾರದ ಲಕ್ಷಣವೂ ಹೌದು. ಎರಡಕ್ಕೂ ಮದ್ದು ರಜೆಯೇ.

ನನಗೆ ನಮ್ರತೆ ಬಂದಿದೆಯೆಂದು ತಿಳಿಯುವುದು ಹೇಗೆ?

ತಿಳಿಯುವುದಿಲ್ಲ. ಯೇಸು ಹೇಳಿದ ಒಂದು ಸಾಮ್ಯದ ಕಥೆಯಲ್ಲಿ, ದೇವಾಲಯದಲ್ಲಿ ತನ್ನ ಗುಣಗಳನ್ನು ಎಣಿಸಿದ ಫರಿಸಾಯನಿಗೆ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವವನಿಗೆ, ಎಲ್ಲವೂ ತಿಳಿದಿತ್ತು. ದೂರದಲ್ಲಿ ನಿಂತ ಸುಂಕದವನಿಗೆ ತಾನು ನೀತಿವಂತನೆನಿಸಿಕೊಂಡು ಮನೆಗೆ ಹೋಗುತ್ತಿರುವುದೂ ತಿಳಿದಿರಲಿಕ್ಕಿಲ್ಲ.

ಪವಿತ್ರ ಗುರುವಾರದಂದು (ಶುಭ ಶುಕ್ರವಾರದ ಹಿಂದಿನ ದಿನ) ನಮ್ಮ ಸಭೆಯಲ್ಲಿಯೂ ಪಾದ ತೊಳೆಯುವ ವಿಧಿ ಇಟ್ಟುಕೊಳ್ಳಬಹುದೇ?

ಇಟ್ಟುಕೊಳ್ಳಬಹುದು. ಕೆಥೊಲಿಕ್ ಚರ್ಚುಗಳಲ್ಲಿ ಇದು ಆ ದಿನದ ಆರಾಧನೆಯ ಭಾಗವಾಗಿಯೇ ಇದೆ. ತೊಳೆಸಿಕೊಳ್ಳುವವರಲ್ಲಿ ಹೆಂಗಸರೂ ಇರಬಹುದೆಂದು 2016ರ ಜನವರಿಯಲ್ಲಿ ವ್ಯಾಟಿಕನ್ ಅಧಿಕೃತವಾಗಿ ಹೇಳಿತು. 6ನೇ ಶತಮಾನದ ಸಂತ ಬೆನೆಡಿಕ್ಟನ ನಿಯಮದಲ್ಲಿ ಇದು ಹಬ್ಬದ ವಿಧಿಯಲ್ಲ, ವಾರದ ಕೆಲಸ: ಅಡುಗೆಮನೆಯ ಪಾಳಿ ಮುಗಿಸುವವನೂ ಹೊಸದಾಗಿ ಪಾಳಿಗೆ ಬರುವವನೂ ಸೇರಿ ಎಲ್ಲ ಸಹೋದರರ ಪಾದ ತೊಳೆಯಬೇಕು. ಪ್ರಾಟೆಸ್ಟಂಟ್ ಸಭೆಗಳಲ್ಲಿ ರೂಢಿ ಬೇರೆ ಬೇರೆ.

ಮಾಡುವುದಾದರೆ ಹಿರಿಯರನ್ನೇ ಹನ್ನೆರಡು ಕುರ್ಚಿಗಳಲ್ಲಿ ಕೂರಿಸಬೇಡಿ. ಅವರು ಮನೆಯಲ್ಲಿಯೇ ಸೋಪು ಹಚ್ಚಿ ತೊಳೆದುಕೊಂಡು, ಹೊಸ ಸಾಕ್ಸ್ ಹಾಕಿಕೊಂಡು ಬರುತ್ತಾರೆ. ನಾವು ಮೊದಲ ವರ್ಷ ಹಾಗೆ ಮಾಡಿದೆವು. ಎಲ್ಲರ ಕಣ್ಣೂ ತುಂಬಿ ಬಂದವು, ಹಾಡು ಹಾಡಿದೆವು, ಮನೆಗೆ ಹೊರಟೆವು. ಬೋಗುಣಿಗಳನ್ನು ಒಂದೊಂದಾಗಿ ಹೊರಗೆ ಒಯ್ದು ಚೆಲ್ಲಿ, ನೆಲ ಒರೆಸಿದ್ದು ಚರ್ಚಿನ ಕಸ ಗುಡಿಸುವ ಅಜ್ಜಿ. ಮರುವರ್ಷ ಅವರನ್ನು ಕುರ್ಚಿಗೆ ಕರೆದಾಗ ಪೇತ್ರನಂತೆಯೇ ಒಲ್ಲೆನೆಂದರು. ಒಪ್ಪಿಸಲು ಎರಡು ವಾರ ಹಿಡಿಯಿತು, ಅದೂ ಸಭಾಪಾಲಕರ ಹೆಂಡತಿಯವರು ಮನೆಗೆ ಹೋಗಿ ಕೂತ ಮೇಲೆ. ಒಡೆದ ಹಿಮ್ಮಡಿಗೆ ತಣ್ಣೀರು ಬಿದ್ದಾಗ ಅವರು ಕಾಲನ್ನು ಒಮ್ಮೆ ಹಿಂದಕ್ಕೆಳೆದುಕೊಂಡು ಮತ್ತೆ ಮುಂದೆ ಚಾಚಿದರು. ಆ ಸಂಜೆ ಬೋಗುಣಿಯ ನೀರನ್ನು ಹಿತ್ತಲಿನ ಪೇರಲ ಗಿಡದ ಬುಡಕ್ಕೆ ಚೆಲ್ಲಿದವರು ಸಭಾಪಾಲಕರು, ನೆಲ ಒರೆಸಿದವರು ಉಳಿದ ನಾವು. ಅಜ್ಜಿ ಮಾತ್ರ ಬಾಗಿಲಲ್ಲಿ ನಿಂತು, ಮೂಲೆಯಲ್ಲಿ ಇನ್ನೂ ಹಸಿ ಉಳಿದಿದೆ ಎಂದು ತೋರಿಸುತ್ತಿದ್ದರು.